ಗೆರೆಗೆ ನಡಿಗೆ ಕಲಿಸುವ ಕಸುಬು

ಕಾರ್ಟೂನ್ ಚಿತ್ರ ಮಾಡುವುದನ್ನು ಕಲಿಯಲು ಬರುವವರಲ್ಲಿ ಹೆಚ್ಚಿನವರಿಗೆ ಚಿತ್ರ ಬರೆಯಲು ಆಗಲೇ ಬರುತ್ತಿರುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೇಷ್ಟ್ರ ಮುಖ ಗೀಚಿ ಬೈಸಿಕೊಂಡವರು, ಊರಿನ ಗಣೇಶೋತ್ಸವದ ಬ್ಯಾನರಿಗೆ ಬಣ್ಣ ಹಚ್ಚಿದವರು, ಚಿತ್ರಕಲಾ ಶಾಲೆ ಮುಗಿಸಿ ನೇರ ಬಂದವರು, ಹೀಗೆ. ಇವರಿಗೆಲ್ಲ ಮೊದಲು ಸಿಗುವ ಪಾಠ ಕೊಂಚ ಪೆಚ್ಚೆನಿಸುವಂಥದು. ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿಯಬೇಕು, ಅಷ್ಟೆ. ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ, ಬರೀ ಒಂದು ವೃತ್ತ. ಪ್ಯಾರಿಸ್‌ನಲ್ಲಿ ಕಲಿತರೂ ಅಹಮದಾಬಾದಿನಲ್ಲಿ ಕಲಿತರೂ, ಪೆನ್ಸಿಲ್ ಹಿಡಿದು ಕಲಿತರೂ ಕಂಪ್ಯೂಟರ್ ಮುಂದೆ ಕೂತು ಕಲಿತರೂ ಆರಂಭ ಬಹುಮಟ್ಟಿಗೆ ಇದೇ. ಅನಿಮೇಷನ್ ಕಸುಬಿನ ಅರ್ಧ ಗುಟ್ಟು ಆ ಚೆಂಡಿನಲ್ಲೇ ಇರುವುದರಿಂದ ಈ ಪಾಠವನ್ನು ಯಾರೂ ಕೈಬಿಟ್ಟಿಲ್ಲ.

ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳ ವೇಗದಲ್ಲಿ ಓಡುತ್ತದೆ. ಫ್ರೇಮಿಗೊಂದು ಚಿತ್ರ ಬರೆಯಹೊರಟರೆ ನಿಮಿಷಕ್ಕೆ 1,440 ಚಿತ್ರ ಬೇಕು. ಅಷ್ಟು ಬರೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಒಂದೇ ಚಿತ್ರವನ್ನು ಎರಡು ಫ್ರೇಮ್ ಹೊತ್ತು ನಿಲ್ಲಿಸಿದರೂ ನೋಡುವ ಕಣ್ಣು ಒಪ್ಪಿಕೊಳ್ಳುತ್ತದೆ. ಸ್ಟುಡಿಯೊದವರು ಇದನ್ನು ‘ಆನ್ ಟೂಸ್’ ಎನ್ನುತ್ತಾರೆ. ಆಗ ಸೆಕೆಂಡಿಗೆ 12 ಚಿತ್ರ ಸಾಕು. ಜೋರಾದ ಓಟ, ಪಾತ್ರದ ಜತೆಯಲ್ಲೇ ಕ್ಯಾಮೆರಾ ಸರಿಯುವ ದೃಶ್ಯ, ಇಂಥ ಕಡೆ ಮಾತ್ರ ‘ಆನ್ ಒನ್ಸ್’, ಅಂದರೆ ಫ್ರೇಮಿಗೊಂದು ಚಿತ್ರ ಬರೆಯುತ್ತಾರೆ. ಇಷ್ಟು ಉಳಿತಾಯ ಮಾಡಿದರೂ ಏಳು ನಿಮಿಷದ ಚಿತ್ರದಲ್ಲಿ ಸದಾ ಅಲುಗುವ ಒಂದು ಪಾತ್ರಕ್ಕೇ ಐದು ಸಾವಿರ ಚಿತ್ರಗಳಾಗುತ್ತವೆ.

ಚೆಂಡಿನ ಲೆಕ್ಕಕ್ಕೆ ಬಂದರೆ, ನಾಲ್ಕು ಅಡಿ ಎತ್ತರದಿಂದ ಕೈಬಿಟ್ಟ ಚೆಂಡು ನೆಲ ಮುಟ್ಟಲು ಅರ್ಧ ಸೆಕೆಂಡ್ ಹಿಡಿಯುತ್ತದೆ. ಅಂದರೆ 12 ಫ್ರೇಮ್, ಎರಡಕ್ಕೊಂದರಂತೆ 6 ಚಿತ್ರ. ಹೊಸಬರು ಆ ನಾಲ್ಕು ಅಡಿಯನ್ನು ಆರು ಸಮಪಾಲು ಮಾಡಿ 20 ಸೆಂಟಿಮೀಟರಿಗೊಂದು ಚೆಂಡು ಬರೆದುಬಿಡುತ್ತಾರೆ. ಓಡಿಸಿ ನೋಡಿದರೆ ಚೆಂಡು ಬಿದ್ದಂತೆ ಕಾಣುವುದೇ ಇಲ್ಲ, ಲಿಫ್ಟಿನಲ್ಲಿ ಕೂತು ಇಳಿದ ಹಾಗೆ ಒಂದೇ ಸಮನೆ ಕೆಳಗೆ ಬರುತ್ತದೆ. ನಿಜವಾಗಿ ಬೀಳುವ ಚೆಂಡು ಮೊದಲ ಎರಡು ಫ್ರೇಮ್‌ಗಳಲ್ಲಿ ಸರಿಯುವುದು ಮೂರೂವರೆ ಸೆಂಟಿಮೀಟರಿನಷ್ಟು ಮಾತ್ರ. ಮುಂದಿನ ಎರಡರಲ್ಲಿ 10, ಆಮೇಲೆ 17, 24, 31, ನೆಲ ಮುಟ್ಟುವಾಗ 37 ಸೆಂಟಿಮೀಟರ್. ಈ ಅಂತರಗಳ ಪ್ರಮಾಣ 1, 3, 5, 7, 9, 11 ಎಂಬ ಬೆಸಸಂಖ್ಯೆಗಳದು. ಗೆಲಿಲಿಯೊ ನಾಲ್ಕು ಶತಮಾನದ ಹಿಂದೆ ಕಂಡುಕೊಂಡ ನಿಯಮ ಇದು. ಅನಿಮೇಟರಿಗೆ ಸೂತ್ರ ಬಾಯಿಪಾಠ ಇರಬೇಕೆಂದೇನಿಲ್ಲ. ಮೇಲೆ ಒತ್ತೊತ್ತಾಗಿ, ಕೆಳಗೆ ಬಿಡಿಬಿಡಿಯಾಗಿ ಬರೆಯಬೇಕೆಂಬುದು ಕೈಗೆ ಹತ್ತಿದರೆ ಸಾಕು.

ನೆಲ ಮುಟ್ಟಿದ ಚೆಂಡು ಒಂದು ಚಿತ್ರದಲ್ಲಿ ಚಪ್ಪಟೆಯಾಗುತ್ತದೆ, ಮೇಲೇಳುವಾಗ ಉದ್ದವಾಗುತ್ತದೆ. ಚಪ್ಪಟೆಯಾದಷ್ಟೂ ಅಗಲವಾಗಬೇಕು, ಉದ್ದವಾದಷ್ಟೂ ಸಣಕಲಾಗಬೇಕು. ಒಟ್ಟು ಗಾತ್ರ ಬದಲಾದರೆ ಚೆಂಡು ಉಬ್ಬಿ ಇಳಿದಂತೆ ಕಾಣುತ್ತದೆ. ಪುಟಿತ ಪ್ರತಿ ಸಲವೂ ತಗ್ಗುತ್ತ ಹೋಗಬೇಕು, ತಗ್ಗಿದಂತೆ ಬೇಗ ಬೇಗ ಆಗಬೇಕು. ಇದು ಬಂದ ಮೇಲೆ ಅದೇ ವೃತ್ತವನ್ನು ಟೇಬಲ್ ಟೆನಿಸ್ ಚೆಂಡು ಮಾಡಿ, ಶಾಟ್‌ಪುಟ್ ಗುಂಡು ಮಾಡಿ, ನೀರು ತುಂಬಿದ ಬಲೂನು ಮಾಡಿ ಎನ್ನುತ್ತಾರೆ. ಬಣ್ಣ ಹಚ್ಚುವಂತಿಲ್ಲ, ಹೆಸರು ಬರೆಯುವಂತಿಲ್ಲ. ನೋಡುವವರಿಗೆ ಗುರುತು ಸಿಗಬೇಕಾದದ್ದು ಚಿತ್ರಗಳ ನಡುವಿನ ಅಂತರದಿಂದ ಮತ್ತು ಅವು ನಿಲ್ಲುವ ಹೊತ್ತಿನಿಂದ ಮಾತ್ರ.

ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿ ದಶಕಗಳ ಕಾಲ ಪ್ರಯೋಗ ನಡೆಸಿದ ನಾರ್ಮನ್ ಮೆಕ್‌ಲಾರೆನ್, ಫ್ರೇಮಿನ ಒಳಗೆ ಏನಿದೆ ಎನ್ನುವುದಕ್ಕಿಂತ ಎರಡು ಫ್ರೇಮ್‌ಗಳ ನಡುವೆ ಏನಾಗುತ್ತದೆ ಎನ್ನುವುದೇ ದೊಡ್ಡದೆಂದು ಹೇಳುತ್ತಿದ್ದರು. ಕಲಿಯುವವರಿಗೆ ಇದು ಸಲೀಸಾಗಿ ಒಗ್ಗುವುದಿಲ್ಲ. ಒಂದೊಂದು ಚಿತ್ರವನ್ನೂ ಚೌಕಟ್ಟು ಹಾಕಿಸುವಷ್ಟು ಚೆಂದ ಬರೆದು, ಓಡಿಸಿದಾಗ ಎಲ್ಲವೂ ಗಡಗಡ ನಡುಗಿದ್ದನ್ನು ಕಂಡು ಕಂಗೆಟ್ಟವರು ಬಹಳ ಜನ. ಕಡ್ಡಿ ಗೊಂಬೆ ಬರೆಯುವಷ್ಟೇ ಬರುವವರು ಕಾಲದ ಹಿಡಿತ ಚೆನ್ನಾಗಿದ್ದ ಕಾರಣಕ್ಕೆ ಒಳ್ಳೆಯ ಅನಿಮೇಟರ್ ಆಗುವುದೂ ಉಂಟು. ಚಿತ್ರಕಲೆ ಬಾರದೆ ಈ ಕಸುಬು ಕಷ್ಟ, ಅದರ ಜೋರಿನಿಂದಲೇ ದಡ ಸೇರುವುದು ಇನ್ನೂ ಕಷ್ಟ.

ಕೈಯಿಂದ ಬರೆಯುವ ಪದ್ಧತಿಯಲ್ಲಿ ಸಾಮಾನು ಹೆಚ್ಚೇನಿಲ್ಲ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ತೂತು ಹೊಡೆದ ಕಾಗದ, ಆ ತೂತುಗಳನ್ನು ಸಿಕ್ಕಿಸಲು ಮೂರು ಗೂಟಗಳ ಒಂದು ಪಟ್ಟಿ. ಗೂಟಪಟ್ಟಿ ಇಲ್ಲದಿದ್ದರೆ ಒಂದು ಕಾಗದದ ಮೇಲೆ ಇನ್ನೊಂದು ಪ್ರತಿ ಸಲವೂ ಅದೇ ಜಾಗದಲ್ಲಿ ಕೂರುವುದಿಲ್ಲ, ತೆರೆಯ ಮೇಲೆ ಚಿತ್ರ ಕುಣಿಯುತ್ತದೆ. ಅನಿಮೇಟರ್ ಮೊದಲು ಚಲನೆಯ ಮುಖ್ಯ ನಿಲುವುಗಳನ್ನಷ್ಟೇ ಬರೆಯುತ್ತಾರೆ. ಇವು ‘ಕೀ’ ಚಿತ್ರಗಳು. ಕಾಗದದ ಅಂಚಿನಲ್ಲಿ ಒಂದು ಗೆರೆ ಎಳೆದು, ಎರಡು ಕೀಗಳ ನಡುವೆ ಎಷ್ಟು ಚಿತ್ರ ಬರಬೇಕು, ಅವು ಯಾವ ಕಡೆಗೆ ಒತ್ತಾಗಿರಬೇಕು ಎಂದು ಅಡ್ಡಗೀಟು ಹಾಕಿ ತೋರಿಸುತ್ತಾರೆ. ಆ ನಡುವಿನ ಚಿತ್ರಗಳನ್ನು ಬರೆಯುವುದು ಇನ್‌ಬಿಟ್ವೀನರ್ ಕೆಲಸ. ಸ್ಟುಡಿಯೊಗಳಲ್ಲಿ ತಲೆಮಾರುಗಳಿಂದ ಹೊಸಬರು ಒಳಗೆ ಬರುತ್ತಿದ್ದದ್ದು ಈ ಬಾಗಿಲಿನಿಂದ. ವರ್ಷಗಟ್ಟಲೆ ಬೇರೆಯವರ ಎರಡು ಚಿತ್ರಗಳ ನಡುವೆ ಮೂರನೆಯದನ್ನು ಬರೆಯುತ್ತ, ಅನುಭವಸ್ಥರು ಅಂತರವನ್ನು ಹೇಗೆ ಹಂಚುತ್ತಾರೆಂಬುದನ್ನು ಅವರು ಕದ್ದು ಕಲಿಯುತ್ತಿದ್ದರು.

ನಡುವಿನ ಚಿತ್ರ ಎಂದರೆ ಅಳತೆಪಟ್ಟಿ ಇಟ್ಟು ಕಂಡುಹಿಡಿದ ನಟ್ಟನಡುವಲ್ಲ. ಜೀವವಿರುವ ಮೈಯಲ್ಲಿ ಹೆಚ್ಚುಕಡಿಮೆ ಎಲ್ಲ ಚಲನೆಯೂ ಕಮಾನಿನ ದಾರಿಯಲ್ಲಿ ಸಾಗುತ್ತದೆ. ಭುಜ ತಿರುಗುವ ಗೂಟವಾದ್ದರಿಂದ ಬೀಸಿದ ಕೈ ಅರ್ಧವೃತ್ತ ಹಾಕುತ್ತದೆ. ಎಡಕ್ಕಿದ್ದ ತಲೆ ಬಲಕ್ಕೆ ಹೊರಳುವಾಗ ನಡುವೆ ಚೂರು ಕೆಳಗಿಳಿದು ಏಳುತ್ತದೆ. ಎರಡು ಕೀಗಳ ನೇರ ನಡುವೆ ಕೈ ಬರೆದರೆ, ಆ ಒಂದು ಫ್ರೇಮಿನಲ್ಲಿ ತೋಳು ಮೋಟಾದಂತೆ ಕಾಣುತ್ತದೆ. ಇಂಥ ತಪ್ಪು ಒಂದು ಹಾಳೆಯನ್ನು ನೋಡಿದರೆ ಸಿಕ್ಕುವುದಿಲ್ಲ. ಅದಕ್ಕೇ ಐದು ಹಾಳೆಗಳನ್ನು ಎಡಗೈಯ ಬೆರಳುಗಳ ನಡುವೆ ಒಂದೊಂದಾಗಿ ಸಿಕ್ಕಿಸಿಕೊಂಡು, ಹಿಂದುಮುಂದಾಗಿ ಮಗುಚುತ್ತ, ಬಲಗೈಯಲ್ಲಿ ತಿದ್ದುವ ಅಭ್ಯಾಸ ಮಾಡಿಸುತ್ತಾರೆ. ಹಾಳೆ ಜಾರದೆ ಮಗುಚುವ ಈ ಬೆರಳಾಟ ಕೂಡಲು ವಾರಗಳೇ ಬೇಕು. ಅದು ಕೂಡಿದ ಮೇಲೆ ಕ್ಯಾಮೆರಾ ಇಲ್ಲದೆಯೂ ಚಲನೆ ಕಣ್ಣಿಗೆ ಕಾಣತೊಡಗುತ್ತದೆ.

ಚೆಂಡಿನ ನಂತರ ಬರುವುದು ಭಾರದ ಪಾಠ. ಹಿತ್ತಾಳೆ ಕೊಡವೊಂದನ್ನು ಹೆಂಗಸೊಬ್ಬಳು ನೆಲದಿಂದ ಎತ್ತಿ ಸೊಂಟಕ್ಕಿಟ್ಟುಕೊಳ್ಳುವ ದೃಶ್ಯ ತೆಗೆದುಕೊಳ್ಳಬಹುದು. ಮೊದಲ ಚಿತ್ರ, ಕೊಡ ನೆಲದ ಮೇಲೆ. ಕೊನೆಯ ಚಿತ್ರ, ಕೊಡ ಸೊಂಟದ ಮೇಲೆ. ಖಾಲಿ ಕೊಡವಾದರೆ ಕೈ ಬಾಗಿ, ಕುತ್ತಿಗೆ ಹಿಡಿದು, ಎಂಟು ಹತ್ತು ಫ್ರೇಮ್‌ಗಳಲ್ಲಿ ಮೇಲೆ ಬಂದುಬಿಡುತ್ತದೆ. ತುಂಬಿದ ಕೊಡಕ್ಕೆ ಮೂವತ್ತು ನಲವತ್ತು ಫ್ರೇಮ್ ಬೇಕು, ಅದಕ್ಕಿಂತ ಮುಖ್ಯವಾಗಿ ಆ ಫ್ರೇಮ್‌ಗಳ ಹಂಚಿಕೆ ಬೇರೆ ಬೇಕು. ಎತ್ತುವ ಮೊದಲು ಮೈ ಇನ್ನಷ್ಟು ಕೆಳಗೆ ಹೋಗುತ್ತದೆ, ಮೊಣಕಾಲು ಮಡಿಯುತ್ತದೆ. ತೋಳು ಬಿಗಿದು ನೀಳವಾಗುತ್ತದೆ, ಕೊಡ ಮಾತ್ರ ಇನ್ನೂ ನೆಲ ಬಿಟ್ಟಿರುವುದಿಲ್ಲ. ಕೆಲವು ಫ್ರೇಮ್ ಹೊತ್ತು ಭುಜದ ಸೆಳೆತ ಬಿಟ್ಟರೆ ಬೇರೇನೂ ಆಗುವುದಿಲ್ಲ. ಆಮೇಲೆ ಕೊಡ ನಿಧಾನಕ್ಕೆ ಏಳುತ್ತದೆ, ಸೊಂಟ ಅದರತ್ತ ಹೊರಳಿ ಬರುತ್ತದೆ, ಇನ್ನೊಂದು ಕೈ ಗಾಳಿಯಲ್ಲಿ ಚಾಚುತ್ತದೆ, ಕೊಡ ಸೊಂಟಕ್ಕೆ ಕೂತ ಮೇಲೂ ಮೈ ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಕೊಡದ ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಭಾರವೆಲ್ಲ ಬಂದದ್ದು ಎತ್ತಿದವಳ ಮೈಯಿಂದ.

ಎತ್ತುವ ಮೊದಲು ಮೈ ಕೆಳಗೆ ಹೋಯಿತಲ್ಲ, ಅದಕ್ಕೆ ಈ ಕಸುಬಿನಲ್ಲಿ ‘ಆಂಟಿಸಿಪೇಷನ್’ ಎನ್ನುತ್ತಾರೆ, ಮುಂದೆ ನಡೆಯುವುದಕ್ಕೆ ಎದುರು ದಿಕ್ಕಿನ ಸಿದ್ಧತೆ. ಕೊಡ ಕೂತ ಮೇಲೂ ಮುಂದುವರಿದ ಆ ಒಂದು ಹೆಜ್ಜೆ ‘ಫಾಲೋ ಥ್ರೂ’. ಇಂಥ ಹನ್ನೆರಡು ತತ್ವಗಳನ್ನು ಡಿಸ್ನಿ ಸ್ಟುಡಿಯೊದ ಹಿರಿಯ ಅನಿಮೇಟರುಗಳಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದರು. ಪಟ್ಟಿ 1981ರದ್ದಾದರೂ ತಿಳಿವಳಿಕೆ 1930ರ ದಶಕದ್ದು, ಸಾವಿರಾರು ಪೆನ್ಸಿಲ್ ಪರೀಕ್ಷೆಗಳಲ್ಲಿ, ಅಂದರೆ ಪೆನ್ಸಿಲ್ ಚಿತ್ರಗಳನ್ನು ಹಾಗೇ ಓಡಿಸಿ ನೋಡುವ ಪ್ರಯೋಗಗಳಲ್ಲಿ, ಸೋತು ಗೆದ್ದು ಕೂಡಿಟ್ಟದ್ದು. ಇಂದು ಈ ಹನ್ನೆರಡನ್ನು ಪರೀಕ್ಷೆಯ ಪ್ರಶ್ನೋತ್ತರದಂತೆ ಉರು ಹೊಡೆಸುವ ಸಂಸ್ಥೆಗಳಿವೆ. ಅದರಿಂದ ದೊಡ್ಡ ಪ್ರಯೋಜನವಿಲ್ಲ. ಹೆಸರು ಹೇಳಬಲ್ಲ ವಿದ್ಯಾರ್ಥಿಯ ಕೊಡದಲ್ಲಿ ನೀರಿಲ್ಲದಿದ್ದರೆ ಹೆಸರು ಕಟ್ಟಿಕೊಂಡು ಏನು ಮಾಡುವುದು?

ಎಲ್ಲರೂ ಹೆದರುವ ಪಾಠವೆಂದರೆ ನಡಿಗೆ. ಮನುಷ್ಯ ಒಂದು ಹೆಜ್ಜೆಗೆ ಸುಮಾರು ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತಾನೆ, ಹೀಗಾಗಿ 12 ಫ್ರೇಮಿನ ಹೆಜ್ಜೆಯಿಂದ ಅಭ್ಯಾಸ ಶುರುವಾಗುತ್ತದೆ. ಮುಂದಿನ ಕಾಲಿನ ಹಿಮ್ಮಡಿ ನೆಲ ಮುಟ್ಟುವ ನಿಲುವು, ಭಾರ ಆ ಕಾಲಿಗೆ ಬಂದು ಮೈ ಕುಸಿಯುವ ನಿಲುವು, ಹಿಂದಿನ ಕಾಲು ಪಕ್ಕಕ್ಕೆ ಬಂದು ದಾಟುವ ನಿಲುವು, ಮೈ ಅತಿ ಎತ್ತರಕ್ಕೆ ಏರುವ ನಿಲುವು, ಈ ನಾಲ್ಕನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ತಲೆ ಒಂದೇ ಮಟ್ಟದಲ್ಲಿ ಸಾಗಿದರೆ ಪಾತ್ರ ನಡೆಯುವ ಬದಲು ತೇಲುತ್ತದೆ. ನೆಲದ ಮೇಲಿರುವ ಪಾದ ಹಿನ್ನೆಲೆಯ ಜತೆ ಸರಿಯಾಗಿ ಸರಿಯದಿದ್ದರೆ ಜಾರುತ್ತದೆ. ಇಷ್ಟೆಲ್ಲ ಸರಿಹೋದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ, ಇದು ಯಾರ ನಡಿಗೆ? ಸಂಬಳ ಬಂದ ದಿನದ ಗುಮಾಸ್ತ, ಮೊಣಕಾಲು ನೋವಿನ ಅಜ್ಜಿ, ಫೇಲಾದ ಸುದ್ದಿ ಹೊತ್ತು ಮನೆಗೆ ಹೊರಟ ಹುಡುಗ, ಮೂವರೂ ಅದೇ ನಾಲ್ಕು ನಿಲುವುಗಳನ್ನು ದಾಟಿಯೇ ನಡೆಯಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನರ ನಡಿಗೆ ನೋಡುವುದು ಈ ವಿದ್ಯಾರ್ಥಿಗಳಿಗೆ ಮನೆಪಾಠವಾಗಿರುವುದು ಅದಕ್ಕೇ.

ಇಲ್ಲಿಂದ ಮುಂದೆ ಕಸುಬು ಅಭಿನಯದ ಕಡೆ ಹೊರಳುತ್ತದೆ. ಅನಿಮೇಟರ್ ಮೇಜಿನ ಮೇಲೆ ಕನ್ನಡಿ ಇರುವುದು ಹಳೆಯ ಪದ್ಧತಿ. ಸಿಟ್ಟಿನ ಮುಖ ಬರೆಯುವವರು ಮೊದಲು ಸಿಟ್ಟು ಮಾಡಿಕೊಂಡು ಹುಬ್ಬು ಎಲ್ಲಿ ಹೋಯಿತು ನೋಡಿಕೊಳ್ಳುತ್ತಾರೆ. ಈಗ ಮೊಬೈಲಿನಲ್ಲಿ ತಮ್ಮದೇ ಅಭಿನಯ ಚಿತ್ರೀಕರಿಸಿಕೊಳ್ಳುವುದೂ ಇದೆ. ಆದರೆ ವಿಡಿಯೊದ ಮೇಲೆ ಗೆರೆ ಎಳೆದು ನಕಲು ತೆಗೆದರೆ ಚಲನೆ ವಿಚಿತ್ರವಾಗಿ ಸಪ್ಪೆಯಾಗುತ್ತದೆ. ಚಿತ್ರೀಕರಿಸಿದ ಅಭಿನಯದ ಮೇಲೆ ಗೆರೆ ಎಳೆಯುವ ಯಂತ್ರಕ್ಕೆ ಮ್ಯಾಕ್ಸ್ ಫ್ಲೈಷರ್ 1917ರಲ್ಲೇ ಪೇಟೆಂಟ್ ಪಡೆದಿದ್ದರು, ಈ ತೊಡಕೂ ಅಷ್ಟೇ ಹಳೆಯದು. ನಟನ ಮೈಯಲ್ಲಿ ಸಾಕಾಗುವ ಸೂಕ್ಷ್ಮ ಗೆರೆಗೆ ಸಾಕಾಗುವುದಿಲ್ಲ. ಒಂದಿಷ್ಟು ಹಿಗ್ಗಿಸಬೇಕು, ಬೇಡದ್ದನ್ನು ಬಿಡಬೇಕು.

ಮಾತಿನ ವಿಷಯದಲ್ಲಿ ಕಾರ್ಟೂನ್ ಮತ್ತು ನಮ್ಮ ಸಿನಿಮಾಗಳ ರೀತಿ ತಿರುವುಮುರುವು. ಕನ್ನಡ ಸಿನಿಮಾಗಳಲ್ಲಿ ಚಿತ್ರೀಕರಣ ಮುಗಿಸಿ ಡಬ್ಬಿಂಗ್ ಮಾಡುವುದು ಬಹುಕಾಲದ ರೂಢಿ. ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಧ್ವನಿ ಮೊದಲು, ಚಿತ್ರ ಆಮೇಲೆ. ಧ್ವನಿಮುದ್ರಣವನ್ನು ಫ್ರೇಮ್ ಫ್ರೇಮಾಗಿ ಒಡೆದು, ಯಾವ ಫ್ರೇಮಿನಲ್ಲಿ ಯಾವ ಅಕ್ಷರ ಬಿತ್ತೆಂದು ಉದ್ದನೆಯ ಹಾಳೆಯೊಂದರಲ್ಲಿ ಬರೆದುಕೊಳ್ಳುತ್ತಾರೆ. ಎಕ್ಸ್‌ಪೋಷರ್ ಶೀಟ್ ಎಂಬ ಈ ಹಾಳೆಯಲ್ಲಿ ಒಂದು ಸಾಲೆಂದರೆ ಒಂದು ಫ್ರೇಮ್. ಒಂದು ಕಲಮಿನಲ್ಲಿ ಮಾತು, ಪಕ್ಕದವುಗಳಲ್ಲಿ ಯಾವ ಪದರದಲ್ಲಿ ಯಾವ ಸಂಖ್ಯೆಯ ಚಿತ್ರ, ಕೊನೆಯಲ್ಲಿ ಕ್ಯಾಮೆರಾಕ್ಕೆ ಸೂಚನೆ. ‘ಅಮ್ಮ’ ಎಂಬ ಮಾತನ್ನು ಬರೆಯಬೇಕೆಂದುಕೊಂಡರೆ ‘ಅ’ಕ್ಕೆ ಬಾಯಿ ತೆರೆಯಬೇಕು, ‘ಮ್ಮ’ದ ಒತ್ತಿಗೆ ತುಟಿಗಳು ಮುಚ್ಚಿ ಮೂರು ನಾಲ್ಕು ಫ್ರೇಮ್ ಹಾಗೇ ನಿಲ್ಲಬೇಕು, ಮತ್ತೆ ತೆರೆಯಬೇಕು. ‘ಅಮಾವಾಸ್ಯೆ’ಯ ‘ಮಾ’ಕ್ಕೆ ಎರಡು ಫ್ರೇಮ್ ಸಾಕು. ಪ, ಬ, ಮ ಅಕ್ಷರಗಳಲ್ಲಿ ತುಟಿ ಮುಚ್ಚದಿದ್ದರೆ ಎಂಥ ಪ್ರೇಕ್ಷಕರಿಗೂ ತಟ್ಟನೆ ಗೊತ್ತಾಗುತ್ತದೆ. ಉಳಿದ ಅಕ್ಷರಗಳಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಬಾಯಿಗಿಂತ ತಲೆಯ ಓಲಾಟ ಮತ್ತು ಹುಬ್ಬು ಮಾತಿಗೆ ಹೊಂದಿರುವುದು ಹೆಚ್ಚು ಮುಖ್ಯವೆಂಬುದು ಅನುಭವಸ್ಥರ ಮಾತು.

ಒಬ್ಬೊಬ್ಬರ ಕೈಕೆಲಸದಿಂದ ಇಡೀ ಚಿತ್ರದ ತಯಾರಿಕೆಗೆ ಬಂದಾಗ ಕ್ರಮ ಬದಲಾಗುತ್ತದೆ. ಕತೆ ಗಟ್ಟಿಯಾದ ಮೇಲೆ ದೃಶ್ಯಕ್ಕೊಂದರಂತೆ ಸಣ್ಣ ಚಿತ್ರ ಬರೆದು ಗೋಡೆಯ ಹಲಗೆಗೆ ಪಿನ್ ಹೊಡೆಯುತ್ತಾರೆ. ಸ್ಟೋರಿಬೋರ್ಡ್ ಎಂಬ ಈ ಪದ್ಧತಿ 1930ರ ದಶಕದ ಆರಂಭದಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ಬೆಳೆದು, ಈಗ ಜಾಹೀರಾತಿನಿಂದ ಹಿಡಿದು ದೊಡ್ಡ ಸಿನಿಮಾಗಳವರೆಗೆ ಎಲ್ಲೆಡೆ ನಡೆಯುತ್ತಿದೆ. ಆ ಚಿತ್ರಗಳನ್ನೇ ಧ್ವನಿಯ ಜತೆ ಜೋಡಿಸಿ ಓಡಿಸಿದರೆ ಅನಿಮ್ಯಾಟಿಕ್. ಸಾಮಾನ್ಯ ಸಿನಿಮಾದವರು ಬೇಕಾದ್ದಕ್ಕಿಂತ ಹೆಚ್ಚು ಚಿತ್ರೀಕರಿಸಿ ಸಂಕಲನದ ಮೇಜಿನಲ್ಲಿ ಕತ್ತರಿಸುತ್ತಾರೆ. ತಿಂಗಳುಗಟ್ಟಲೆ ಬರೆದದ್ದನ್ನು ಕತ್ತರಿಸಿ ಎಸೆಯುವುದು ಕಾರ್ಟೂನಿನವರ ಕೈಲಾಗದ ಮಾತು. ಹಾಗಾಗಿ ಇಲ್ಲಿ ಸಂಕಲನ ಮೊದಲೇ ಮುಗಿಯುತ್ತದೆ. ಅನಿಮ್ಯಾಟಿಕ್‌ನಲ್ಲಿ ಹಿಡಿಸದ ದೃಶ್ಯಕ್ಕೆ ಖರ್ಚಾಗಿರುವುದು ಒಂದು ತುಂಡು ಕಾಗದ. ವಿದ್ಯಾರ್ಥಿಗಳ ಕಿರುಚಿತ್ರಗಳು ಅರ್ಧಕ್ಕೆ ನಿಲ್ಲುವುದಕ್ಕೆ ಕೈ ಸಾಲದಿರುವುದು ಕಾರಣವಾಗುವುದು ಕಡಿಮೆ, ಈ ಹಂತವನ್ನು ಹಾರಿಸಿ ನೇರ ಚಿತ್ರ ಬರೆಯಲು ಕೂತದ್ದೇ ಬಹಳ ಸಲ ಕಾರಣ.

ಆಮೇಲಿನದು ಲೇಔಟ್, ಹಿನ್ನೆಲೆ ಚಿತ್ರ, ಅನಿಮೇಷನ್, ಗೆರೆ ಶುದ್ಧಿ, ಬಣ್ಣ, ಜೋಡಣೆ. ಹಿನ್ನೆಲೆಯನ್ನು ಹೀಗೆ ಪಾತ್ರದಿಂದ ಬೇರೆಯಾಗಿ ಬರೆಯುವ ಅನುಕೂಲ ಮೊದಲು ಇರಲಿಲ್ಲ. 1914ರ ‘ಗರ್ಟಿ’ ಎಂಬ ಡೈನೊಸಾರ್ ಚಿತ್ರಕ್ಕೆ ಅಮೆರಿಕದ ವಿನ್ಸರ್ ಮೆಕೇ ಸಾವಿರಾರು ಹಾಳೆ ಬರೆಯಬೇಕಾಯಿತು. ಕಲ್ಲು, ಮರ, ನೀರು ಅಲುಗದಿದ್ದರೂ ಪ್ರತಿ ಹಾಳೆಯಲ್ಲೂ ಅವನ್ನು ಹೊಸದಾಗಿ ಎಳೆಯಲೇಬೇಕಿತ್ತು. ಅದೇ ವರ್ಷ ಅರ್ಲ್ ಹರ್ಡ್ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಪದ್ಧತಿಯ ಪೇಟೆಂಟಿಗೆ ಅರ್ಜಿ ಹಾಕಿದರು. ಪಾತ್ರ ಮಾತ್ರ ಪಾರದರ್ಶಕ ಹಾಳೆಯ ಮೇಲೆ, ಹಿನ್ನೆಲೆ ಒಂದೇ ಸಲ ಕೆಳಗೆ. ಗೆರೆ ಮುಂಭಾಗದಲ್ಲಿ ಶಾಯಿಯಿಂದ, ಬಣ್ಣ ಹಿಂಭಾಗದಲ್ಲಿ. ಮುಂದೆ ಎಪ್ಪತ್ತೈದು ವರ್ಷ ಜಗತ್ತಿನ ಕಾರ್ಟೂನುಗಳು ಈ ‘ಸೆಲ್’ ಮೇಲೆಯೇ ನಡೆದವು. ಇಂದು ಸೆಲ್ ಸಂಗ್ರಹಕಾರರ ವಸ್ತು, ಬಣ್ಣ ತುಂಬುವುದು ಮೌಸಿನ ಒಂದು ಒತ್ತು.

ಈ ಕಸುಬನ್ನು ಕ್ರಮವಾಗಿ ಕಲಿಸಬಹುದೆಂಬ ವಿಚಾರ ಡಿಸ್ನಿ ಸ್ಟುಡಿಯೊಕ್ಕೆ ಬಂದದ್ದು 1932ರಲ್ಲಿ. ಡಿಸ್ನಿಯ ಅನಿಮೇಟರ್ ಆರ್ಟ್ ಬ್ಯಾಬಿಟ್ ತಮ್ಮ ಮನೆಯಲ್ಲಿ ರೂಪದರ್ಶಿಯನ್ನು ಕೂರಿಸಿ ಗೆಳೆಯರ ಜತೆ ಚಿತ್ರಾಭ್ಯಾಸ ಶುರುಮಾಡಿದರು. ಸುದ್ದಿ ಮುಟ್ಟಿದ ವಾಲ್ಟ್ ಡಿಸ್ನಿ ಅದನ್ನು ಸ್ಟುಡಿಯೊಕ್ಕೇ ತಂದು, ಲಾಸ್ ಏಂಜಲೀಸಿನ ಶುಇನಾರ್ಡ್ ಕಲಾಶಾಲೆಯ ಡಾನ್ ಗ್ರಹಾಂ ಅವರನ್ನು ಮೇಷ್ಟ್ರಾಗಿ ನೇಮಿಸಿದರು. ನವೆಂಬರಿನಲ್ಲಿ ತರಗತಿ ಆರಂಭವಾಯಿತು. ಕೆಲಸಗಾರರು ಬರೆದ ಪೆನ್ಸಿಲ್ ಪರೀಕ್ಷೆಗಳನ್ನು ಇಕ್ಕಟ್ಟಾದ ಕೋಣೆಯೊಂದರಲ್ಲಿ ಓಡಿಸಿ, ತಪ್ಪುಗಳನ್ನು ಎಲ್ಲರೆದುರು ಬಿಡಿಸಿ ಹೇಳುವ ರೂಢಿಯೂ ಅಲ್ಲಿತ್ತು. ಸೆಖೆಗೋ ಭಯಕ್ಕೋ, ಆ ಕೋಣೆಗೆ ‘ಬೆವರುಪೆಟ್ಟಿಗೆ’ ಎಂಬ ಹೆಸರು ಬಿತ್ತು. 1937ರ ಡಿಸೆಂಬರಿನಲ್ಲಿ ‘ಸ್ನೋ ವೈಟ್’ ತೆರೆಗೆ ಬಂದಾಗ ಅದರ ಹಿಂದಿದ್ದದ್ದು ಈ ಐದು ವರ್ಷಗಳ ಸಂಜೆ ಶಾಲೆ. ಅದೇ ಶುಇನಾರ್ಡ್ ಸಂಗೀತ ಶಾಲೆಯೊಂದರ ಜತೆ ಕೂಡಿ ಕ್ಯಾಲ್‌ಆರ್ಟ್ಸ್ ಆಯಿತು. 1975ರಲ್ಲಿ ಅಲ್ಲಿ ಪಾತ್ರ ಅನಿಮೇಷನ್ ಕೋರ್ಸ್ ತೆರೆದಾಗ ಮೊದಮೊದಲ ತಂಡಗಳಲ್ಲಿ ಜಾನ್ ಲ್ಯಾಸೆಟರ್, ಬ್ರಾಡ್ ಬರ್ಡ್, ಟಿಮ್ ಬರ್ಟನ್ ಇದ್ದರು. ಅವರ ತರಗತಿಯ ಕೋಣೆ ಸಂಖ್ಯೆ ಎ113. ಲ್ಯಾಸೆಟರ್ ಮುಂದೆ ಸೇರಿದ ಪಿಕ್ಸಾರ್ ಸ್ಟುಡಿಯೊದ ಚಿತ್ರಗಳಲ್ಲಿ ಕಾರಿನ ನಂಬರ್ ಪ್ಲೇಟಿನ ಮೇಲೋ ಬಾಗಿಲಿನ ಮೇಲೋ ಈ ಸಂಖ್ಯೆ ಕಾಣಿಸಿಕೊಳ್ಳುತ್ತಲೇ ಇರುತ್ತದೆ.

ಭಾರತಕ್ಕೆ ಈ ವಿದ್ಯೆಯ ಒಂದು ಎಳೆ ನೇರವಾಗಿ ಡಿಸ್ನಿ ಸ್ಟುಡಿಯೊದಿಂದಲೇ ಬಂತು. 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ ಕಾರ್ಟೂನ್ ಘಟಕ ತೆರೆದಾಗ ಕಲಿಸಲು ಬಂದವರು ಕ್ಲೇರ್ ವೀಕ್ಸ್. ಮಿಷನರಿ ದಂಪತಿಯ ಮಗನಾಗಿ ಭಾರತದಲ್ಲೇ ಹುಟ್ಟಿ, ಡಿಸ್ನಿಯಲ್ಲಿ ‘ಸ್ನೋ ವೈಟ್’, ‘ಬ್ಯಾಂಬಿ’, ‘ಪೀಟರ್ ಪ್ಯಾನ್’ ಚಿತ್ರಗಳಿಗೆ ದುಡಿದವರು. ಅವರ ಕೈಕೆಳಗೆ ಕಲಿತ ಕಲಾವಿದರ ತಂಡ ಜಾತಕ ಕತೆಯೊಂದನ್ನು ಆಧರಿಸಿ 1957ರಲ್ಲಿ ‘ದಿ ಬನ್ಯನ್ ಡಿಯರ್’ ತಯಾರಿಸಿತು. ಆ ಶಿಷ್ಯರಲ್ಲೊಬ್ಬರು ರಾಮ್ ಮೋಹನ್, ರಸಾಯನಶಾಸ್ತ್ರದ ಓದು ಬಿಟ್ಟು ಬಂದವರು. ಮುಂದೆ ಅವರು ತಮ್ಮದೇ ಸ್ಟುಡಿಯೊ ಕಟ್ಟಿದರು, ಜಪಾನಿನ ಯುಗೊ ಸಾಕೊ ಜತೆ ‘ರಾಮಾಯಣ’ ಚಿತ್ರದಲ್ಲಿ ದುಡಿದರು, ಯುನಿಸೆಫ್‌ಗಾಗಿ ‘ಮೀನಾ’ ಎಂಬ ಹುಡುಗಿಯ ಪಾತ್ರ ರೂಪಿಸಿದರು, 2014ರಲ್ಲಿ ಪದ್ಮಶ್ರೀ ಪಡೆದರು. ಫಿಲ್ಮ್ಸ್ ಡಿವಿಷನ್‌ನಲ್ಲಿ ಹಿನ್ನೆಲೆ ಚಿತ್ರ ಬರೆಯುತ್ತ ಬೆಳೆದ ಇನ್ನೊಬ್ಬರು ಭೀಮ್‌ಸೇನ್. ವಿಜಯಾ ಮುಳೆ ನಿರ್ದೇಶಿಸಿದ 1974ರ ‘ಏಕ್ ಅನೇಕ್ ಔರ್ ಏಕತಾ’ದ ಹಕ್ಕಿಗಳನ್ನು ಹಾರಿಸಿದವರು ಅವರು. ದೂರದರ್ಶನದ ಒಂದೇ ವಾಹಿನಿಯಿದ್ದ ಕಾಲದಲ್ಲಿ ಬೆಳೆದ ಕರ್ನಾಟಕದ ಮಕ್ಕಳಿಗೆ ಹಿಂದಿ ಬಾರದಿದ್ದರೂ ಆ ಹಕ್ಕಿಗಳು ಗೊತ್ತು. ಫಿಲ್ಮ್ಸ್ ಡಿವಿಷನ್ ಚಿತ್ರಗಳು ನಮ್ಮ ಟಾಕೀಸುಗಳಲ್ಲಿ ಮುಖ್ಯ ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ಓಡುತ್ತಿದ್ದವು. ಇತ್ತ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಅನಿಮೇಷನ್ನನ್ನು ಸ್ನಾತಕೋತ್ತರ ಪದವಿಯ ವಿಷಯವಾಗಿ ಕಲಿಸತೊಡಗಿತು. ಗುರುವಿನ ಮೇಜಿನ ಪಕ್ಕ ನಿಂತು ಕಲಿಯುವುದರಿಂದ ತರಗತಿಯಲ್ಲಿ ಕೂತು ಕಲಿಯುವತ್ತ ಇಲ್ಲಿಯೂ ಹೊರಳು ಹೀಗೆ ಆಯಿತು.

ಡಿಸ್ನಿ ಮಾದರಿಯ ತುಂಬು ಚಲನೆ ದುಬಾರಿ. ಟಿ.ವಿ. ಬಂದ ಮೇಲೆ ಅಷ್ಟು ಹಣ, ಅಷ್ಟು ಸಮಯ ಎರಡೂ ಇರಲಿಲ್ಲ. ‘ಟಾಮ್ ಅಂಡ್ ಜೆರ್ರಿ’ ಮಾಡುತ್ತಿದ್ದ ಹಾನಾ ಮತ್ತು ಬಾರ್ಬೆರಾ 1957ರಲ್ಲಿ ಟಿ.ವಿ.ಗೆ ಹೊರಳಿ, ಅಲುಗಬೇಕಾದ್ದನ್ನಷ್ಟೇ ಅಲುಗಿಸುವ ದಾರಿ ಹಿಡಿದರು. ಯೋಗಿ ಎಂಬ ಅವರ ಕರಡಿ ಅಂಗಿಯಿಲ್ಲದೆ ಬರೀ ಕಾಲರ್ ಮತ್ತು ಟೈ ತೊಟ್ಟಿದ್ದೇಕೆಂದು ಮಕ್ಕಳು ಕೇಳುವುದುಂಟು. ಮೈಯನ್ನು ನಿಲ್ಲಿಸಿ ತಲೆಯನ್ನಷ್ಟೇ ಬೇರೆ ಹಾಳೆಯಲ್ಲಿ ಅಲ್ಲಾಡಿಸುವಾಗ ಕುತ್ತಿಗೆಯ ಸಂದು ಕಾಣದಿರಲಿ ಎಂಬುದು ಆ ಕಾಲರಿನ ಉಪಯೋಗ. ಜಪಾನಿನಲ್ಲಿ ಒಸಾಮು ತೆಜುಕಾ 1963ರ ‘ಆಸ್ಟ್ರೊ ಬಾಯ್’ನಲ್ಲಿ ಇದೇ ಮಿತವ್ಯಯವನ್ನು ಇನ್ನೂ ಮುಂದಕ್ಕೆ ಒಯ್ದರು. ಶುದ್ಧ ಕಲಾವಾದಿಗಳು ಇದನ್ನು ಹಳಿಯುವುದುಂಟು. ಆದರೆ ಕಲಿಯುವವರಿಗೆ ಇದು ಒಳ್ಳೆಯ ಶಾಲೆಯೇ. ಎರಡೇ ಚಿತ್ರಗಳಲ್ಲಿ ನಗು ಬರಿಸಬೇಕಾದಾಗ ನಿಲುವು ಎಷ್ಟು ಸ್ಪಷ್ಟವಾಗಿರಬೇಕು, ಅದನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಬೇಗ ಅರಿವಾಗುತ್ತದೆ.

ಕಂಪ್ಯೂಟರ್ ಬಂದಾಗ ಇದೆಲ್ಲ ಹಳತಾಯಿತೆಂದೇ ಹಲವರು ಭಾವಿಸಿದ್ದರು. ಎರಡು ಕೀ ಕೊಟ್ಟರೆ ನಡುವಿನದನ್ನು ಯಂತ್ರವೇ ತುಂಬುತ್ತದೆ, ಇನ್‌ಬಿಟ್ವೀನರ್ ಬೇಕಿಲ್ಲ. ತೊಂದರೆ ಎಂದರೆ ಯಂತ್ರಕ್ಕೆ ಕೊಡ ತುಂಬಿದೆಯೋ ಖಾಲಿಯೋ ಗೊತ್ತಿಲ್ಲ. ಅದು ನುಣುಪಾಗಿ ಹಂಚಿಬಿಡುತ್ತದೆ, ಪಾತ್ರ ನೀರೊಳಗೆ ಇದ್ದಂತೆ ತೇಲುತ್ತದೆ. ಎರಡು ಮೇಜಿನ ದೀಪಗಳ ‘ಲಕ್ಸೊ ಜೂನಿಯರ್’ ಎಂಬ ಕಿರುಚಿತ್ರವನ್ನು 1986ರಲ್ಲಿ ಮಾಡಿದ ಲ್ಯಾಸೆಟರ್, ಮರುವರ್ಷ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನವೊಂದರಲ್ಲಿ ಪ್ರಬಂಧ ಮಂಡಿಸಿ, ಪೆನ್ಸಿಲ್ ಕಾಲದ ತತ್ವಗಳು ಮೂರು ಆಯಾಮದ ಚಿತ್ರಕ್ಕೂ ಹೇಗೆ ಅನ್ವಯಿಸುತ್ತವೆಂದು ವಿವರಿಸಿದರು. ಹಾಳೆಯ ಅಂಚಿನ ಅಡ್ಡಗೀಟುಗಳ ಜಾಗದಲ್ಲಿ ಈಗ ಪರದೆಯ ಮೇಲೆ ವಕ್ರರೇಖೆಯ ನಕ್ಷೆ ಇದೆ. ರೇಖೆ ಕಡಿದಾದಲ್ಲಿ ಚಲನೆ ವೇಗ, ಮಟ್ಟವಾದಲ್ಲಿ ನಿಧಾನ. ವಿದ್ಯಾರ್ಥಿ ಆ ರೇಖೆಯನ್ನು ಕೈಯಿಂದ ಎಳೆದು ತಿದ್ದುವಾಗ ಮಾಡುತ್ತಿರುವುದು ಹಳೆಯ ಕೆಲಸವನ್ನೇ. ದೊಡ್ಡ ಅನುಕೂಲ ಆಗಿರುವುದು ಪರೀಕ್ಷೆಯಲ್ಲಿ. ಹಿಂದೆ ಬರೆದದ್ದನ್ನು ಫಿಲ್ಮಿನಲ್ಲಿ ತೆಗೆದು, ಲ್ಯಾಬಿಗೆ ಕೊಟ್ಟು, ತೊಳೆದು ಬರುವವರೆಗೆ ಕಾಯಬೇಕಿತ್ತು. ಈಗ ತಪ್ಪು ಆ ಕ್ಷಣದಲ್ಲೇ ಕಾಣುತ್ತದೆ, ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಸಲ ತಿದ್ದಬಹುದು.

ಸಲಕರಣೆಯ ಖರ್ಚೂ ಇಳಿದಿದೆ. ಬ್ಲೆಂಡರ್ ತಂತ್ರಾಂಶ ಉಚಿತ, ಅದರೊಳಗೇ ಗೆರೆ ಎಳೆದು ಅನಿಮೇಷನ್ ಮಾಡುವ ಸೌಲಭ್ಯವಿದೆ. ಜಪಾನಿನ ಘಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ಟೂನ್ಜ್ ತಂತ್ರಾಂಶ 2016ರಲ್ಲಿ ಓಪನ್‌ಟೂನ್ಜ್ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಬ್ಲೆಂಡರಿನಲ್ಲಿ ಮಾಡಿದ ‘ಫ್ಲೋ’ಗೆ 2025ರಲ್ಲಿ ಆಸ್ಕರ್ ಬಂತು. ಅದರಲ್ಲಿ ಒಂದು ಬೆಕ್ಕು, ಕೆಲವು ಪ್ರಾಣಿಗಳು, ಮಾತೇ ಇಲ್ಲ.

ಕಲಿತ ಮೇಲೆ ಕೆಲಸದ ಮಾತು. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ಹೊರದೇಶದ ಚಿತ್ರಗಳದು. ಕತೆ, ಪಾತ್ರ, ಸ್ಟೋರಿಬೋರ್ಡ್ ಅಲ್ಲಿ ಆಗಿ, ಶ್ರಮದ ಭಾಗ ಇಲ್ಲಿಗೆ ಬರುತ್ತದೆ. ಹೀಗಾಗಿ ತರಬೇತಿ ಕೇಂದ್ರಗಳು ಒಬ್ಬರನ್ನು ಕಂಪ್ಯೂಟರ್ ಗೊಂಬೆಯ ಒಳಗೂಡು ಕಟ್ಟುವವರನ್ನಾಗಿ, ಇನ್ನೊಬ್ಬರನ್ನು ಬೆಳಕು ಕೂರಿಸುವವರನ್ನಾಗಿ ತಯಾರು ಮಾಡುತ್ತವೆ. ಕೆಲಸ ಬೇಗ ಸಿಗುತ್ತದೆ, ಬೇಗ ಹೋಗಲೂಬಹುದು. 2025ರ ಫೆಬ್ರವರಿಯಲ್ಲಿ ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಕೆಲಸದ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಕಚೇರಿಯೂ ಮುಚ್ಚಿ, ದೊಡ್ಡ ಸಂಖ್ಯೆಯ ನೌಕರರು ಒಮ್ಮೆಗೇ ಬೀದಿಗೆ ಬಿದ್ದರು. ಒಂದೇ ಹಂತ ಬಲ್ಲವರಿಗೆ ಇಂಥ ಹೊತ್ತಿನಲ್ಲಿ ಬೇರೆ ದಾರಿ ಹುಡುಕುವುದು ಕಷ್ಟ. ಕಲಿಕೆಯ ಅವಧಿಯಲ್ಲೇ ಒಂದು ನಿಮಿಷದ್ದಾದರೂ ಸರಿ, ಕತೆಯಿಂದ ಧ್ವನಿಯವರೆಗೆ ಎಲ್ಲವನ್ನೂ ತಾವೇ ಮಾಡಿ ಮುಗಿಸಿದ ಚಿತ್ರ ಕೈಯಲ್ಲಿರಬೇಕೆಂದು ಅನುಭವಸ್ಥ ಅಧ್ಯಾಪಕರು ಒತ್ತಾಯಿಸುವುದು ಈ ಕಾರಣಕ್ಕೆ.

ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರಮಾಣಪತ್ರಕ್ಕಿಂತ ಹೆಚ್ಚು ನಡೆಯುವುದು ‘ಶೋರೀಲ್’, ಅಂದರೆ ತಾವು ಮಾಡಿದ ತುಣುಕುಗಳ ಜೋಡಣೆ. ಒಂದೆರಡು ನಿಮಿಷ ಮೀರದ ಈ ಸುರುಳಿಯಲ್ಲಿ ಅತ್ಯುತ್ತಮ ತುಣುಕು ಮೊದಲು ಬರಬೇಕು, ಆಯ್ಕೆ ಮಾಡುವವರು ಕೊನೆಯವರೆಗೆ ನೋಡುತ್ತಾರೆಂಬ ಭರವಸೆಯಿಲ್ಲ. ಡ್ರಾಗನ್ನು, ಸ್ಫೋಟಗಳಿಗಿಂತ ಭಾರ ಎತ್ತುವ ಒಂದು ದೃಶ್ಯ, ಒಂದು ನಡಿಗೆ, ಇಬ್ಬರ ನಡುವಿನ ಸಣ್ಣದೊಂದು ಮಾತುಕತೆ ಇದ್ದರೆ ಸಾಕು. ಹಿನ್ನೆಲೆ ಸಂಗೀತವನ್ನು ಬಹಳ ಕಡೆ ಮ್ಯೂಟ್ ಮಾಡಿಯೇ ನೋಡುತ್ತಾರೆ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ತಮ್ಮ ಕೈ ಎಲ್ಲೆಲ್ಲಿ ಇದೆ ಎಂದು ತುಣುಕಿನ ಕೆಳಗೇ ಬರೆದಿರಬೇಕು. ಮೆಚ್ಚಿಗೆಯಾದರೆ ಸ್ಟುಡಿಯೊ ಒಂದು ಪಾತ್ರದ ಗೊಂಬೆಯನ್ನೂ ಕೆಲವು ಸೆಕೆಂಡಿನ ಧ್ವನಿಯನ್ನೂ ಕೊಟ್ಟು, ಗಡುವಿನೊಳಗೆ ದೃಶ್ಯ ಮಾಡಿ ಕಳಿಸಲು ಹೇಳುತ್ತದೆ. ಅದನ್ನು ನೋಡಿ, ತಿದ್ದಲು ಟಿಪ್ಪಣಿ ಕೊಟ್ಟು, ತಿದ್ದಿ ಕಳಿಸಿದ್ದನ್ನು ಮತ್ತೊಮ್ಮೆ ನೋಡುವ ಸ್ಟುಡಿಯೊಗಳೂ ಇವೆ. ಅಲ್ಲಿ ಮೊದಲ ಸಲ ಬಂದದ್ದಕ್ಕಿಂತ ಎರಡನೆಯ ಸಲ ಬಂದದ್ದಕ್ಕೇ ಹೆಚ್ಚು ಅಂಕ.